ಯಾರದೂ ಅಲ್ಲದ ಗೋಡೆ

ನಮ್ಮ ಪಡಸಾಲೆಯ ಕಪಾಟಿನಲ್ಲಿ ಒಂದು ಮರ ಇದೆ. ಹೆಬ್ಬೆರಳಿನಷ್ಟು ಎತ್ತರ. ಕಾಂಡ ಬೆಂಕಿಕಡ್ಡಿಯದು, ಎಲೆ ಎಂದು ಇರುವುದು ಪಾತ್ರೆ ತಿಕ್ಕುವ ಸ್ಪಂಜಿನ ಚೂರು, ಹಸಿರು ಬಣ್ಣ ಬಳಿದದ್ದು. ಮನೆಗೆ ಬಂದವರು ಅದನ್ನು ಎತ್ತಿ ನೋಡುತ್ತಾರೆ, ಕೆಲವರು ಮೂಸಿಯೂ ನೋಡುತ್ತಾರೆ. “ಮೊಮ್ಮಕ್ಕಳ ಆಟಗಿ ಸಾಮಾನೇನ್ರಿ ಮಾಸ್ತರ?” ಎಂದು ಕೇಳುತ್ತಾರೆ. ಅಲ್ಲ, ಅದು ಶಹಾಪುರದ ಭವಿಷ್ಯ ಎಂದು ನಾನು ಹೇಳಿದರೆ ಬೇಗ ಬೇಗ ಚಹಾ ಮುಗಿಸಿ ಏಳುತ್ತಾರೆ.

ನಿಮಗೆ ಏಳುವ ಅವಸರವಿಲ್ಲದಿದ್ದರೆ ಆ ಮರದ ಕಥೆ ಹೇಳುತ್ತೇನೆ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುವವನು. ಅದು ನನ್ನ ಗುಣವೆನ್ನುವುದಕ್ಕಿಂತ ಚಟ. ಕಾರಣ, ನಮ್ಮ ಓಣಿಯ ಕಾಯಂ ಪಂಚ ನಾನು. ಎತ್ತು ಸತ್ತರೆ, ಮೀಟರ್ ಸುಟ್ಟರೆ, ಬಣವೆಗೆ ಬೆಂಕಿ ಬಿದ್ದರೆ ಪಂಚನಾಮೆಗೆ ಸಹಿ ಹಾಕಲು ನನ್ನನ್ನೇ ಕರೆಯುತ್ತಾರೆ. ನನ್ನ ಮೇಲೆ ಅಷ್ಟು ವಿಶ್ವಾಸ ಎಂದು ಬಹಳ ವರ್ಷ ತಿಳಿದಿದ್ದೆ. “ಮಾಸ್ತರ ಯಾವಾಗ್ಲೂ ಕಟ್ಟಿ ಮ್ಯಾಲೇ ಇರ್ತಾರ, ಹುಡುಕೋದು ಬೇಕಾಗಿಲ್ಲ” ಎಂದು ಊರ ಲೆಕ್ಕ ಬರೆಯುವ ಒಬ್ಬ ತಲಾಟಿ ಹೇಳಿದ ಮೇಲೆ ನಿಜ ಗೊತ್ತಾಯಿತು.

ಸಹಿ ಹಾಕುವುದರಲ್ಲಿ ನಾನು ನಿಧಾನ. ಪ್ರತಿ ಸಾಲನ್ನೂ ಓದುತ್ತೇನೆ. ಈ ನಿಧಾನಕ್ಕೆ ಒಂದು ಗೋಡೆ ಕಾರಣ. ನಾನು ಚಿಕ್ಕವನಿದ್ದಾಗ ಒಂದು ದೊಡ್ಡ ಮಳೆಯ ಮರುದಿನ, ಎದುರು ಮನೆಯ ಹಿಂದಿನ ಗೋಡೆ ಬೀಳುವುದನ್ನು ನಮ್ಮ ಮಾಳಿಗೆಯ, ಅಂದರೆ ಮಣ್ಣಿನ ಚಾವಣಿಯ, ಮೇಲೆ ನಿಂತು ನೋಡಿದ್ದೆ. ಗೋಡೆ ಬಿದ್ದರೆ ದೊಡ್ಡ ಸಪ್ಪಳವಾಗುತ್ತದೆ ಎಂದುಕೊಂಡಿರುತ್ತೇವೆ. ಆಗಲಿಲ್ಲ. ಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟಂತಾಯಿತು. ಅದರ ಮೇಲಿನ ತೊಲೆಗಳು ಒಂದರ ಹಿಂದೆ ಒಂದು ತಲೆ ಬಾಗಿಸಿದವು. ಮಣ್ಣಿನ ಮಾಳಿಗೆ ಮಂಡಿ ನೋವಿನ ಮುದುಕನಂತೆ ಮೆಲ್ಲಗೆ ಕುಳಿತುಕೊಂಡಿತು. ಒಳಗೆ ಯಾರೂ ಇರಲಿಲ್ಲ. ಆದರೂ ಧೂಳು ಅಡಗುವ ತನಕ ನನ್ನ ಕಾಲು ನಡುಗುತ್ತಿದ್ದವು. ಈಗಲೂ ಯಾರಾದರೂ ಗೋಡೆಗೆ ಮೊಳೆ ಹೊಡೆದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಮನೆಯವರು ನಗುತ್ತಾರೆ. ನಗಲಿ. ಸಪ್ಪಳವಿಲ್ಲದೆ ಬೀಳುವಂಥದ್ದು ಕಾಗದದ ಸಾಲುಗಳ ನಡುವೆಯೂ ಇರುತ್ತದೆ ಎಂದು ಅಂದಿನಿಂದ ನನ್ನ ಅನುಮಾನ.

ನಮ್ಮ ಓಣಿಯ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತಂಥವು. ಎರಡು ಮನೆಗಳ ನಡುವೆ ಒಂದೇ ಗೋಡೆ, ಕಲ್ಲು ಮಣ್ಣಿನದು. ಅದರ ಮೇಲೆ ಆಚೆಯವರ ತೊಲೆಗಳೂ ಈಚೆಯವರ ತೊಲೆಗಳೂ ತಲೆ ಇಟ್ಟು ಮಲಗಿರುತ್ತವೆ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಏರಿ ಮಲಗುತ್ತಿದ್ದೆವು. ಓಣಿಯ ಈ ತುದಿಯಿಂದ ಆ ತುದಿಗೆ ಮಾಳಿಗೆಯ ಮೇಲೆಯೇ ನಡೆದು ಹೋಗಬಹುದಿತ್ತು. ಹೆಂಗಸರು ಹಾಗೇ ಹೋಗುತ್ತಿದ್ದರು. ಕೆಳಗಿನ ದಾರಿ ಗಂಡಸರಿಗೆ, ಎಮ್ಮೆಗಳಿಗೆ ಮತ್ತು ಚರಂಡಿಗೆ.

ನನ್ನನ್ನು ಬೆಳೆಸಿದವಳು ದೊಡ್ಡವ್ವ ಶರಣಮ್ಮ. ಅವಳ ಮನೆಗೂ ಪಕ್ಕದ ದೇವಕೆಮ್ಮನ ಮನೆಗೂ ನಡುವಿನ ಗೋಡೆಯಲ್ಲಿ ಒಂದು ಗೂಡು ಇತ್ತು. ಉಳಿದ ಮನೆಗಳಲ್ಲಿ ದೀಪದ ಗೂಡಿಗೆ ಬೆನ್ನು ಇರುತ್ತದೆ, ಇದಕ್ಕೆ ಇರಲಿಲ್ಲ. ಆಚೆಯಿಂದ ಈಚೆಗೆ ಪೂರ್ತಿ ತೂತು. ಚಿಮಣಿಯ ಸೀಮೆಎಣ್ಣೆಗೆ ಸಾಲು ನಿಲ್ಲಬೇಕಾದ ದಿನಗಳಲ್ಲಿ ಹಿರಿಯರು ಮಾಡಿಸಿದ್ದಂತೆ: ಒಂದು ದೀಪ ಇಟ್ಟರೆ ಎರಡೂ ಮನೆಗೆ ಬೆಳಕು. ಮುಂದೆ ಕರೆಂಟು ಬಂದರೂ ಗೂಡು ಉಳಿಯಿತು. ಅದರಲ್ಲಿ ಕೆಂಡ ದಾಟಿತು, ಮಜ್ಜಿಗೆ ದಾಟಿತು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಬಟ್ಟಲು ದಾಟಿತು. ಒಮ್ಮೆ ನಾನೂ ದಾಟಲು ಹೋಗಿ ಸೊಂಟದ ತನಕ ಸಿಕ್ಕಿಕೊಂಡಿದ್ದೆ. ಈಚೆಯಿಂದ ದೊಡ್ಡವ್ವ ಕಾಲು ಜಗ್ಗಿದರೆ, ಆಚೆಯಿಂದ ದೇವಕೆಮ್ಮ ಕೈ ಜಗ್ಗಿದಳು. ಯಾವ ಕಡೆಗೆ ಹುಟ್ಟಿ ಬಂದೆನೋ ನೆನಪಿಲ್ಲ.

ಆ ಗೋಡೆ ಯಾರದು? ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ನಡುಗೋಡೆಯನ್ನು ‘ನಂದು’ ಎನ್ನುವುದು ಉಂಡ ಮನೆಯಲ್ಲಿ ಅನ್ನದ ಲೆಕ್ಕ ಕೇಳಿದಷ್ಟು ಒರಟು ಮಾತು. ಅದನ್ನು ಎಂದೂ ಆಚೆಯವರದು ಎಂದೇ ಹೇಳಬೇಕು. ದಸರೆಗೆ ಸುಣ್ಣ ಹಚ್ಚುವಾಗ ದೊಡ್ಡವ್ವ ಗೂಡಿನಲ್ಲಿ ಮುಖ ಇಟ್ಟು, “ದೇವಕಿ, ನಿಮ್ಮ ಗ್ವಾಡಿಗಿ ಸುಣ್ಣಾ ಹೊಡ್ಯಾಕತ್ತೇನಿ ನೋಡು” ಎನ್ನುತ್ತಿದ್ದಳು. ಆಚೆಯಿಂದ, “ನಿಮ್ಮ ಗ್ವಾಡಿ ಅಕ್ಕಾ, ನಾನೂ ಇತ್ತಾಗಿಂದ ಹೊಡೀತೇನಿ” ಎಂದು ಉತ್ತರ ಬರುತ್ತಿತ್ತು. ಹೀಗೆ ಇಬ್ಬರೂ ಪರರ ಗೋಡೆ ಎಂದುಕೊಂಡೇ ಅದನ್ನು ಸ್ವಂತದ್ದಕ್ಕಿಂತ ಜೋಪಾನ ಮಾಡಿದರು.

ಇಂಥ ಊರಿಗೆ ಯೋಜನೆ ಬಂತು.

ಯೋಜನೆ ನಮಗೆ ಹೊಸದಲ್ಲ. ದೊಡ್ಡವ್ವನ ಮದುವೆಯ ಹಂದರದಲ್ಲೇ ಯಾರೋ, “ಇನ್ನೇನು ಕಾಲುವಿ ಬರ್ತದ” ಎಂದಿದ್ದರಂತೆ. ಕಾಲುವೆ ಬಂದು ನೀರು ಹರಿದಾಗ ನನಗೆ ಮೀಸೆ ಬಂದಿತ್ತು. ನೀರು ನೋಡಲು ಊರಿಗೆ ಊರೇ ಹೋಗಿತ್ತು. ದೊಡ್ಡವ್ವ ಒಂದು ಬೊಗಸೆ ಕುಡಿದು, “ಉಪ್ಪಿಲ್ಲ” ಎಂದು ತೀರ್ಪು ಕೊಟ್ಟಳು. ಆಮೇಲೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ಅಕ್ಕಿ ಗಿರಣಿ ಬಂದವು, ಹತ್ತಿ ಅಂಗಡಿಗಳು ಬಂದವು, ಗೋಗಿಯ ಕಡೆಯಿಂದ ಬರುವ ಆಟೋಗಳಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಊರು ಎಲ್ಲ ಕಡೆ ಬೆಳೆಯಿತು, ನಮ್ಮ ಓಣಿ ಮಾತ್ರ ಇದ್ದಲ್ಲೇ ಇತ್ತು. ಅದು ಸರಕಾರದ ಕಣ್ಣಿಗೆ ಬಿತ್ತು.

ಹೆಸರು ದೊಡ್ಡದಿತ್ತು: ಹಳೆಯ ಬಡಾವಣೆಗಳ ದೀರ್ಘಾವಧಿ ಪುನಶ್ಚೇತನ. ಬೆಂಗಳೂರಿನ ಕಡೆಯಿಂದ ಒಬ್ಬ ತಜ್ಞರು ಬಂದರು. ಎಳೆಯ ವಯಸ್ಸು, ಮೆದು ಮಾತು. ನಮ್ಮವರು ಊಟವಾಯಿತೇ ಎಂದು ಕೇಳಿದರೂ ಯಾರೋ ಜಗಳ ತೆಗೆದರೆಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಲು ಒಂದು ಸಭೆ ಮಾಡಿದರು. ಎಲ್ಲರ ಕೈಗೂ ಹಿಂಬದಿ ಅಂಟಿರುವ ಹಳದಿ ಚೀಟಿ ಕೊಟ್ಟು, ಇಪ್ಪತ್ತು ವರ್ಷಗಳ ನಂತರ ನಿಮ್ಮ ಓಣಿ ಹೇಗಿರಬೇಕು, ನಿಮ್ಮ ಕನಸನ್ನು ಬರೆದು ಗೋಡೆಗೆ ಅಂಟಿಸಿ ಎಂದರು.

ದೊಡ್ಡವ್ವ ನನ್ನ ಕೈಲಿ ಬರೆಸಿದಳು: “ಈ ವಾರ ಚರಂಡಿ ಬಳೀರಿ.”

ತಜ್ಞರು ಅದನ್ನು ಓದಿ ನಕ್ಕರು. “ಇಲ್ಲಮ್ಮ, ಇದು ಅಲ್ಪಾವಧಿ. ನಾವು ದೀರ್ಘಾವಧಿಯವರು.”

“ದೀರ್ಘಾವಧಿ ತನಾ ನಾತ ಹಿಂಗೇ ಬರ್ಲೇನ್ರಿ ಮತ್ತ?”

ತಜ್ಞರು ಬರೆದುಕೊಂಡರು. ಏನು ಬರೆದುಕೊಂಡರೆಂದು ಕೇಳಿದೆ. “ಸಮುದಾಯದ ಸಹಭಾಗಿತ್ವ ಚೆನ್ನಾಗಿದೆ” ಎಂದರು.

ಆಮೇಲೆ ಮನೆ ಮನೆಯ ಅಳತೆ. ಒಂದೊಂದು ಗೋಡೆಗೂ ಒಂದೊಂದು ಸಂಖ್ಯೆ, ಒಬ್ಬೊಬ್ಬ ಮಾಲೀಕ. ಪಂಚನಾಗಿ ನಾನು ಹಿಂದೆ ನಡೆದೆ. ತಜ್ಞರು ನಡುಗೋಡೆಯನ್ನು ಬೆರಳಿನಿಂದ ತಟ್ಟಿ ದೊಡ್ಡವ್ವನನ್ನು ಕೇಳಿದರು. “ತಾಯಿ, ಈ ಗೋಡೆ ಯಾರದು?”

“ಯವ್ವಾ! ಅದು ದೇವಕೆಮ್ಮಂದ್ರಿ.”

ಪಕ್ಕದ ಮನೆಗೆ ಹೋಗಿ ಅದೇ ಗೋಡೆಯ ಇನ್ನೊಂದು ಮೈ ತಟ್ಟಿದರು. ದೇವಕೆಮ್ಮ ಸೆರಗು ಸರಿಮಾಡಿಕೊಂಡು, “ಅದು ಅಕ್ಕಂದ್ರಿ, ನಮ್ದಲ್ಲ” ಎಂದಳು.

ಓಣಿಯ ಉದ್ದಕ್ಕೂ ಇದೇ ಉತ್ತರ. ತಜ್ಞರು ಬಿಸಿಲಿಗೆ ಬಾಡಿದ್ದರು. ಇದು ಇಬ್ಬರೂ ಶಿಷ್ಟಾಚಾರಕ್ಕೆ ಹೇಳುವ ಮಾತು, ಗೋಡೆ ಇಬ್ಬರದೂ ಹೌದು ಎಂದು ವಿವರಿಸಿದೆ. ಅವರು ತಮ್ಮ ಕೈಯಲ್ಲಿದ್ದ ಯಂತ್ರವನ್ನು ತೋರಿಸಿ, “ಸರ್, ಇದರಲ್ಲಿ ಶಿಷ್ಟಾಚಾರಕ್ಕೆ ಜಾಗ ಇಲ್ಲ” ಎಂದರು. ನಿಜ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಬೇಸಿಗೆ ಕಳೆದು ಪುರಸಭೆಯ ಸಭಾಭವನದಲ್ಲಿ ಭವಿಷ್ಯವನ್ನು ಪ್ರದರ್ಶನಕ್ಕಿಟ್ಟರು. ದೊಡ್ಡ ಮೇಜಿನ ಮೇಲೆ ಥರ್ಮಾಕೋಲಿನ ಶಹಾಪುರ. ಕಾಲುವೆ ನೀಲಿ ಮಿಂಚು ಕಾಗದದ್ದು. ವರ್ಷವಿಡೀ ತುಂಬಿ ಹರಿಯುವ ಕಾಲುವೆಯನ್ನು ನಮ್ಮವರು ಅಲ್ಲಿಯೇ ಮೊದಲು ನೋಡಿದ್ದು. ಮಲಗಿದ ಬುದ್ಧನಂತೆ ಕಾಣುವ ನಮ್ಮ ಗುಡ್ಡವನ್ನೂ ಮಾಡಿದ್ದರು, ತಲೆಯ ಕಡೆ ಕಾಲು, ಕಾಲಿನ ಕಡೆ ತಲೆ. ಅದನ್ನು ಹೇಳಿದಾಗ ಈ ಅಳತೆಯಲ್ಲಿ ಅದು ಅಷ್ಟು ಮುಖ್ಯವಾಗುವುದಿಲ್ಲ ಎಂದರು. ನಮ್ಮ ಓಣಿಯಲ್ಲಿ ಕೊಡೆ ಹಿಡಿದ ಪ್ಲಾಸ್ಟಿಕ್ ಹೆಂಗಸರು ನಡೆಯುತ್ತಿದ್ದರು. ಎಮ್ಮೆ ಇರಲಿಲ್ಲ. ಮನೆಗಳು ಒಂದರಿಂದೊಂದು ದೂರ ಸರಿದು, ಜಗಳ ಮಾಡಿಕೊಂಡ ಅಣ್ಣತಮ್ಮಂದಿರಂತೆ ನಿಂತಿದ್ದವು. ನಡುವೆ ಹಸಿರು ಕಾಲುದಾರಿ, ಅದರ ಎರಡೂ ಬದಿ ಸ್ಪಂಜಿನ ಮರ.

“ನಮ್ಮ ಮನಿ ಯಾವುದೋ ತಮ್ಮಾ?” ದೊಡ್ಡವ್ವ ಕೇಳಿದಳು. ತೋರಿಸಿದೆ. “ಇದು ದೇವಕಿದು. ಹಂಗಾದ್ರ ಗ್ವಾಡಿ ಎಲ್ಲಿ ಹೋತು?”

ಗೋಡೆ ಇದ್ದಲ್ಲಿ ಕಾಲುದಾರಿ ಇತ್ತು.

ಅಂದು ಮೇಜಿನ ಆಚೆ ಕುಳಿತಿದ್ದವರು ಆಕ್ಷೇಪಣೆ ಕೇಳುವ ಸಾಹೇಬರು. ನಮ್ಮ ಕಡೆಯವರೇ; ಸುರಪುರದ ಹತ್ತಿರದ ಯಾವುದೋ ಹಳ್ಳಿಯವರು. ಅವರು ತಾಳ್ಮೆಯಿಂದ ತಿಳಿಸಿದರು. “ಇಬ್ಬರೂ ನಂದಲ್ಲ ಅಂದೀರಿ. ಯಾರ್ದೂ ಅಲ್ಲದ್ದು ಸರಕಾರದ್ದು ಆಗ್ತದ. ಸರಕಾರಿ ಜಾಗಾದಾಗ ದಾರಿ ಮಾಡಾಕತ್ತೇವಿ. ಇದ್ರಾಗ ತಪ್ಪೇನದ?”

“ಸಾಹೇಬ್ರ, ಗೋಡೆ ತೆಗೆದ್ರ ಎರಡೂ ಮನಿ ಮಾಳಿಗಿ ಕುಂದರ್ತಾವ್ರಿ,” ಎಂದೆ. ಎದುರು ಮನೆಯ ತೊಲೆಗಳು ತಲೆ ಬಾಗಿಸಿದ್ದು ಕಣ್ಣ ಮುಂದೆ ಇತ್ತು. “ಇಬ್ಬರ್ದೂ ಅಂತ ಬರ್ಕೊಳ್ರಿ.”

“ಒಂದೇ ಹೆಸರಿಗಿ ಜಾಗಾ ಅದ ಮಾಸ್ತರ. ಒಬ್ಬರು ನಂದು ಅನ್ಲಿ, ನಕ್ಷಾದಾಗಿಂದ ದಾರಿ ತೆಗಸ್ತೇನಿ. ಆದ್ರ ಇನ್ನೊಬ್ಬರು ತಮ್ಮ ತೊಲಿ ಆ ಗ್ವಾಡಿ ಮ್ಯಾಲಿಂದ ತಗೀಬೇಕು. ಪರರ ಗ್ವಾಡಿ ಮ್ಯಾಲ ತೊಲಿ ಇಡಂಗಿಲ್ಲ ಅಂತ ಯೋಜನ್ಯಾಗ ಅದ.”

ಅಂದರೆ ಒಬ್ಬರ ಮನೆ ಉಳಿದರೆ ಇನ್ನೊಬ್ಬರದು ಬೀಳಬೇಕು. ಯಾರೂ ಮಾತಾಡದಿದ್ದರೆ ಎರಡೂ ಬೀಳಬೇಕು. ಸಾಹೇಬರು ಕನ್ನಡಕ ಒರೆಸುತ್ತಾ, ಯಾರಿಗೂ ಹೇಳದವರಂತೆ ಹೇಳಿದರು. “ತಕರಾರು ಇದ್ದ ಜಾಗಾಕ್ಕ ಮಾತ್ರ ಸರಕಾರ ಕೈ ಹಚ್ಚಂಗಿಲ್ಲ. ಜಗಳಾ ಮುಗಿಯೂ ತನಾ ಹಂಗೇ ಬಿಡ್ತೇವಿ. ನಿಮ್ಮ ನಡುವ ಜಗಳಾ ಅದ ಏನ್ರಿ?”

“ಛೀ, ಇಲ್ರಿ,” ಎಂದು ದೊಡ್ಡವ್ವ, ದೇವಕೆಮ್ಮ ಇಬ್ಬರೂ ಒಟ್ಟಿಗೇ ಹೇಳಿದರು.

“ಇದ್ರ ಸೋಮವಾರ ಬಂದು ಹೇಳ್ರಿ.”

ಹೊರಗೆ ಬಂದಾಗ ದೊಡ್ಡವ್ವ ಅಂಗೈ ಬಿಚ್ಚಿ ತೋರಿಸಿದಳು. ಸ್ಪಂಜಿನ ಮರ. ನಮ್ಮ ಗೋಡೆಯ ಜಾಗದಲ್ಲಿ ನಿಂತಿದ್ದನ್ನು ಯಾವಾಗ ಕಿತ್ತಳೋ, ಪಂಚನಾದ ನನಗೂ ಕಂಡಿರಲಿಲ್ಲ.

ಸೋಮವಾರದ ಜಗಳಕ್ಕೆ ಭಾನುವಾರ ಸಂಜೆ ಮಾಳಿಗೆಯ ಮೇಲೆ ತಾಲೀಮು ನಡೆಯಿತು. ಕಲಿಸುವ ಮೇಷ್ಟ್ರು ನಾನು. ದೊಡ್ಡವ್ವ, “ಗ್ವಾಡಿ ನಂದು, ನಮ್ಮ ಮಾವ ಕಟ್ಟಿಸ್ಯಾನ” ಎನ್ನಬೇಕು. ದೇವಕೆಮ್ಮ, “ಇಲ್ಲ ನಂದು, ನಮ್ಮ ಅತ್ತಿ ಮಣ್ಣು ಹೊತ್ತಾಳ” ಎನ್ನಬೇಕು. ಅಷ್ಟೇ. ಆದರೆ ‘ನಂದು’ ಬರುತ್ತಲೇ ಇಬ್ಬರಿಗೂ ನಗು.

“ಬಾಯಾಗ ಬರವಲ್ದೋ ತಮ್ಮಾ.”

“ಉಗುಳು ನುಂಗಿ ಅನ್ನು ಅಕ್ಕಾ. ಗುಳಿಗಿ ನುಂಗಿದಂಗ.”

“ನೀ ನಗಬ್ಯಾಡ ಬೇ ಮೊದ್ಲು. ನಿನ್ನ ಮಾರಿ ನೋಡಿದ್ರ ನನಗ ಜಗಳಾ ಬರಂಗಿಲ್ಲ.”

ಕೊನೆಗೆ ಬೆನ್ನಿಗೆ ಬೆನ್ನು ಕೊಟ್ಟು ಕೂಡಿಸಿ ಬಾಯಿಪಾಠ ಮಾಡಿಸಿದೆ.

ಮರುದಿನ ಸಾಹೇಬರ ಮುಂದೆ ಇಬ್ಬರೂ ತಮ್ಮ ತಮ್ಮ ಸಾಲು ಒಪ್ಪಿಸಿದರು, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದಂತೆ. ಸಾಹೇಬರು ಪೆನ್ನು ಕೆಳಗಿಟ್ಟರು.

“ಇದೇನ್ರಿ? ಅಕ್ಕ-ತಂಗಿ ಹಪ್ಪಳಾ ಲಟ್ಟಿಸಿದಂಗ ಅದ. ಇದಕ್ಕ ತಕರಾರು ಅಂತ ನಾ ಹ್ಯಾಂಗ ಬರೀಲಿ? ನಾಳಿ ಮ್ಯಾಲಿನವರು ನನ್ನ ಕೇಳ್ತಾರ.”

ಆಗ ದೇವಕೆಮ್ಮ, ಗೋಡೆ ಉಳಿಸುವ ಆತುರಕ್ಕೆ, ತಾಲೀಮಿನಲ್ಲಿ ಇಲ್ಲದ ಒಂದು ಮಾತು ಆಡಿದಳು. “ಇಕಿ ಕೈ ಬಿಗಿರಿ ಸಾಹೇಬ್ರ. ನಾ ಗೂಡಿನಾಗ ಹಿಂಡಿ ಬಟ್ಟಲ ತುಂಬಿ ಕೊಡಾಕಿ. ಇಕಿ ತಿರುಗಿ ಕೊಡಾಗ ತಳಾ ಕಾಣ್ತಿತ್ತು.”

ದೊಡ್ಡವ್ವ ಅವಳ ಕಡೆ ತಿರುಗಿದಳು. “ನಿನ್ನ ಹಿಂಡಿ? ಅದರಾಗ ಉಪ್ಪರ ಇರ್ತಿತ್ತೇನು? ನಮ್ಮ ಮನಿಯವರು ಬಾಯಾಗ ಇಟ್ಟು ಉಗುಳ್ತಿದ್ರು.”

ಸಾಹೇಬರು ಪೆನ್ನು ಎತ್ತಿಕೊಂಡರು.

“ನಿಮ್ಮ ಮನಿಯವರು!” ದೇವಕೆಮ್ಮನ ದನಿ ಏರಿತು. “ಅವರು ತೀರಿಹೋದ ವರ್ಷ ಒಬ್ಬಾಕಿಗೆ ಅಂಜಿಕಿ ಬರ್ತದಂತ, ಗೂಡಿಗಿ ಬಾಯಿ ಹಚ್ಚಿ ನಿದ್ದಿ ಹತ್ತೂ ತನಾ ಮಾತಾಡಾಕಿ ನಾನು. ಆವಾಗ ಗ್ವಾಡಿ ಯಾರ್ದಿತ್ತು?”

“ನಾ ಕರದಿದ್ನೇನು? ನೀನಾ ಬಡಬಡಸ್ತಿದ್ದಿ. ನನಗ ಇದ್ದ ನಿದ್ದಿನೂ ಕೆಡ್ತಿತ್ತು.”

ದೇವಕೆಮ್ಮ ಸೆರಗು ಹೊದ್ದುಕೊಂಡು ಬಾಗಿಲ ಕಡೆ ಸರಿದಳು. ಸಾಹೇಬರು ಮಾತ್ರ ಖುಷಿಯಾಗಿ, ಬರೆಯುತ್ತಿದ್ದುದನ್ನು ಗಟ್ಟಿಯಾಗಿ ಓದಿದರು: “ಉಭಯತರಲ್ಲಿ ತೀವ್ರ ತಕರಾರು ಇರುತ್ತದೆ. ಸಾಕು. ಗ್ವಾಡಿ ಉಳೀತು, ಹೋಗ್ರಿ.”

ಗೋಡೆ ಉಳಿಯಿತು. ಒಂದೇ ಆಟೋದಲ್ಲಿ ಮರಳಿದೆವು. ದೊಡ್ಡವ್ವ ಹಿಂದೆ ಕುಳಿತಳು. ದೇವಕೆಮ್ಮ ಮುಂದೆ, ಚಾಲಕನ ಪಕ್ಕದ ಪಟ್ಟಿಯ ಮೇಲೆ ಕುಳಿತಳು. ಯಾರಿಗೂ ಏನೂ ಆಗಿರಲಿಲ್ಲ, ಒಂದು ಕಲ್ಲೂ ಜರುಗಿರಲಿಲ್ಲ. ಆದರೆ ನನ್ನ ಕಾಲುಗಳು ಆ ಹಳೆಯ ದಿನದಂತೆ ನಡುಗುತ್ತಿದ್ದವು. ಬಿದ್ದರೆ ಸಪ್ಪಳವಾಗುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಆ ವಾರವೇ ಸ್ಥಳ ಪರಿಶೀಲನೆ. ಗೂಡನ್ನು ಕಂಡು ಸಾಹೇಬರು ಗಾಬರಿಯಾದರು. “ತೀವ್ರ ತಕರಾರು ಇದ್ದವರ ನಡುವ ತೂತು ಇರ್ತದೇನ್ರಿ? ಮುಚ್ಚಸ್ರಿ ಅದನ್ನ.” ಇಬ್ಬರೂ ತಂತಮ್ಮ ಕಡೆಯಿಂದ ಕಲ್ಲು ಒಡ್ಡಿ, ಹೊಟ್ಟು ಕಲೆಸಿದ ಮಣ್ಣು ಮೆತ್ತಿದರು. ಒಂದೇ ಹೊತ್ತಿಗೆ ಮೆತ್ತಿದರು, ಮಾತಾಡದೆ. ಸದರಿ ಗೂಡು ಮುಚ್ಚಿರುವುದನ್ನು ಪಂಚರು ಕಣ್ಣಾರೆ ಕಂಡಿರುತ್ತೇವೆ ಎಂಬಲ್ಲಿ ನಾನು ಸಹಿ ಹಾಕಿದೆ. ಉಳಿದ ಮನೆಯವರೂ ನಮ್ಮನ್ನು ನೋಡಿ ಒಂದೊಂದು ತಕರಾರು ಬರೆಸಿದ್ದರಿಂದ, ಇಡೀ ದೀರ್ಘಾವಧಿ ಪುನಶ್ಚೇತನದಲ್ಲಿ ನಮ್ಮ ಓಣಿಯಲ್ಲಿ ಪೂರ್ತಿಯಾದ ಕಾಮಗಾರಿ ಅದೊಂದೇ. ಮುಂದೆ ತಜ್ಞರು ಇನ್ನೊಂದು ಊರಿನ ಭವಿಷ್ಯಕ್ಕೆ ಹೋದರು. ಥರ್ಮಾಕೋಲಿನ ಶಹಾಪುರವನ್ನು ಸಭಾಭವನದ ಹಿಂದೆ ಇಟ್ಟಿದ್ದರು. ಒಂದು ಮೇಕೆ ಕಾಲುವೆಯನ್ನು ತಿಂದದ್ದನ್ನು ನಾನು ನೋಡಿದೆ. ಚರಂಡಿ ಈಗಲೂ ದೀರ್ಘಾವಧಿಯಲ್ಲೇ ಇದೆ.

ಇತ್ತ ದೊಡ್ಡವ್ವ ಮಾಳಿಗೆ ಹತ್ತುವುದನ್ನು ಬಿಟ್ಟಳು. ಮಂಡಿ ನೋವು ಎಂದಳು. ಮುಚ್ಚಿದ ಗೂಡಿನ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿದಳು. ಒಗ್ಗರಣೆ ಹಾಕಿದಾಗೆಲ್ಲ ಬಟ್ಟಲು ಕೈಗೆತ್ತಿಕೊಂಡು ಕ್ಯಾಲೆಂಡರಿನ ಮುಂದೆ ನಿಂತು, ತಿಥಿ ನೋಡಲು ಬಂದವಳಂತೆ ನೋಡಿ ಮರಳುತ್ತಿದ್ದಳು. ಜಗಳ ನಾಟಕವೋ ನಿಜವೋ ಎಂದು ನಾನು ಕೇಳಲಿಲ್ಲ. ಕೇಳಿದರೂ ಅವಳಿಗೆ ಗೊತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಚಳಿಗಾಲದ ಒಂದು ಮುಂಜಾನೆ ಮುಂಬಾಗಿಲ ಚಿಲಕ ಸಪ್ಪಳವಾಯಿತು. ತೆರೆದರೆ ದೇವಕೆಮ್ಮ. ಕೈಯಲ್ಲಿ ತುಂಬಿದ ಬಟ್ಟಲು. ಇಷ್ಟು ವರ್ಷಗಳಲ್ಲಿ ಅವಳು ನಮ್ಮ ಮುಂಬಾಗಿಲಿಗೆ ಬಂದದ್ದು ಮದುವೆ, ಸಾವುಗಳಿಗೆ ಮಾತ್ರ. ದೊಡ್ಡವ್ವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗಡಿಬಿಡಿಯಲ್ಲಿ ಚಾಪೆ ಹಾಸಿದಳು, ಚೊಂಬಿನಲ್ಲಿ ನೀರು ತಂದಿಟ್ಟಳು.

“ಬರ್ರಿ,” ಎಂದಳು. “ಕುಂದರ್ರಿ.”

ದೇವಕೆಮ್ಮ ಕೂರಲಿಲ್ಲ.

“ಏನಂದಿ?”

“ಕುಂದರ್ರಿ ಅಂದೆ.”

“ನನಗ? ನನಗ ‘ರಿ’ ಹಚ್ಚಿದ್ಯಾ?” ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಸಭಾಭವನದಲ್ಲಿದ್ದುದಕ್ಕಿಂತ ಜೋರಾಗಿತ್ತು. “ಕೈ ಬಿಗಿ ಅಂದಾಗ ಬೈದಿ, ಬೈಸ್ಕೊಂಡೆ. ನಿದ್ದಿ ಕೆಡಸಿದಿ ಅಂದಿ, ಅದನ್ನೂ ನುಂಗೇನಿ. ಇವತ್ತ ಬೀಗರಿಗೆ ಕರದಂಗ ಬರ್ರಿ ಅಂತೀ? ಹಿಡಿ ಇದನ್ನ. ಉಪ್ಪು ಹಾಕೇನಿ, ತಿಂದು ನೋಡು.”

ದೊಡ್ಡವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

“ಉಪ್ಪು ಜಾಸ್ತಿ ಆಗ್ಯಾದ ಬೇ,” ಎಂದಳು.

“ಆಗ್ಲಿ! ಕುಟ್ಟಾಣಿ ಎಲ್ಲದ?”

ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ ಒಲೆಯ ಪಕ್ಕದಲ್ಲಿತ್ತು. ದೇವಕೆಮ್ಮ ಅದನ್ನು ಎತ್ತಿಕೊಂಡು ನೇರ ಕ್ಯಾಲೆಂಡರಿನ ಕಡೆ ನಡೆದಳು. ದೊಡ್ಡವ್ವ ಓಡಿ ಹೋಗಿ ಕ್ಯಾಲೆಂಡರ್ ಎತ್ತಿ ಹಿಡಿದಳು. ಗೋಡೆಗೆ ಏಟು ಬಿದ್ದರೆ ಎದ್ದು ಹೊರಗೆ ಹೋಗುವ ನಾನು, ಅಂದು ಬಾಗಿಲಲ್ಲೇ ನಿಂತಿದ್ದೆ. ಮೊದಲ ಏಟಿಗೆ ಮುನ್ನ ದೇವಕೆಮ್ಮ ನನ್ನ ಕಡೆ ತಿರುಗಿದಳು.

“ತಮ್ಮಾ, ನೀ ಪಂಚ ಹೌದಿಲ್ಲೋ?”

“ಹೌದ್ರಿ.”

“ಹಂಗಾದ್ರ ಚಲೋತ್ನಾಗ ಕೇಳು. ನೀ ಏನೂ ನೋಡಿಲ್ಲ.”

ಆದ್ದರಿಂದ ಓದುಗರಲ್ಲಿ ನನ್ನ ಹೇಳಿಕೆ ಏನೆಂದರೆ, ಶರಣಮ್ಮ ಮತ್ತು ದೇವಕೆಮ್ಮ ಇವರ ನಡುವಿನ ತೀವ್ರ ತಕರಾರು ಇಂದಿಗೂ ಜಾರಿಯಲ್ಲಿದೆ. ಸಾಹೇಬರ ಕಚೇರಿಯಿಂದ ಯಾರಾದರೂ ಬಂದರೆ ಇಬ್ಬರೂ ಒಂದೊಂದು ಬೈಗುಳ ಬೈದು ಕಳಿಸುತ್ತಾರೆ. ಗೂಡು ಮುಚ್ಚಿದೆ. ಅದರ ಮೇಲೆ ಕ್ಯಾಲೆಂಡರ್ ಇದೆ. ಸಂಜೆ ಕರೆಂಟು ಹೋದಾಗ ಆ ಕ್ಯಾಲೆಂಡರಿನ ದೇವರ ಹಿಂದಿನಿಂದ ಒಂದು ಬೆಳಕು ಬರುತ್ತದೆ; ಅಡುಗೆಯ ಹೊತ್ತಿಗೆ ಕ್ಯಾಲೆಂಡರ್ ತಾನಾಗಿ ಒಮ್ಮೆ ಮೇಲೇಳುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ, ಖಾಲಿ ಬಟ್ಟಲು ತುಂಬಿರುತ್ತದೆ. ಗಾಳಿಗೆ ಹೀಗಾಗುತ್ತಿರಬಹುದು. ನಾನು ಏನೂ ನೋಡಿಲ್ಲ.